ಫಾರಿನ್ ಸಂಬಳದಲ್ಲಿ ಕೈಗೆ ಉಳಿಯುವುದೆಷ್ಟು? ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದುಬೈಯಲ್ಲಿ ಹನ್ನೊಂದು ವರ್ಷ ಅಕೌಂಟ್ಸ್ ಕೆಲಸ ಮಾಡಿ ಉಡುಪಿಗೆ ವಾಪಸ್ ಬಂದವನು ನಾನು. ಬೇರೆಯವರ ಸಂಬಳದ ಲೆಕ್ಕ ಹಾಕುವುದೇ ಅಲ್ಲಿ ನನ್ನ ದಿನದ ಕೆಲಸವಾಗಿತ್ತು. ಈಗ ಕುಂದಾಪುರದಿಂದ ಉಳ್ಳಾಲದ ತನಕ ಪರಿಚಯದವರು, ಪರಿಚಯದವರ ಮಕ್ಕಳು ಆಫರ್ ಲೆಟರ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಗಲ್ಫ್ ವಿಷಯ ಜಾಸ್ತಿ ಉಂಟು. ನನಗೆ ಗೊತ್ತಿರುವುದು ಅದು, ನಮ್ಮ ಕಡೆಯವರು ಹೆಚ್ಚು ಹೋಗುವುದೂ ಅಲ್ಲಿಗೇ.

ದುಬೈಯಲ್ಲಿ ತಿಂಗಳಿಗೆ 9,000 ದಿರ್ಹಮ್ ಆಫರ್ ಬಂದಿದೆ. ರೂಪಾಯಿಯಲ್ಲಿ ಎರಡು ಲಕ್ಷ ದಾಟುತ್ತದೆ. ಇಲ್ಲಿ ನನಗೆ ಸಿಗುವುದು 85,000. ಇನ್ನೂ ಯೋಚಿಸಬೇಕಾ?

ಯೋಚಿಸಬೇಕು. ಸಂಬಳವನ್ನು ಗುಣಿಸುವುದು ಕೊನೆಯ ಹೆಜ್ಜೆ, ಮೊದಲನೆಯದಲ್ಲ. ಅಲ್ಲಿ ದುಡಿದದ್ದು ಅಲ್ಲಿಯ ಬೆಲೆಯಲ್ಲಿ ಖರ್ಚಾಗುತ್ತದೆ. ಖರ್ಚು ಕಳೆದು ಉಳಿದದ್ದನ್ನು ಮಾತ್ರ ರೂಪಾಯಿಗೆ ಗುಣಿಸಿ.

ಒಂದು ಉದಾಹರಣೆ ನೋಡೋಣ. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು. ಬಾಡಿಗೆ ವರ್ಷಕ್ಕೆ 60,000 ದಿರ್ಹಮ್ ಎಂದು ಹಿಡಿಯಿರಿ, ಅಂದರೆ ತಿಂಗಳಿಗೆ 5,000. ಕರೆಂಟು, ನೀರಿನ ಬಿಲ್ಲು 400. ಅದೇ ಬಿಲ್ಲಿನಲ್ಲಿ ದುಬೈ ಮುನಿಸಿಪಾಲಿಟಿಯ ಹೌಸಿಂಗ್ ಫೀ ಕೂಡ ಬರುತ್ತದೆ. ಅದು ವರ್ಷದ ಬಾಡಿಗೆಯ ಶೇ. 5, ಅಂದರೆ ತಿಂಗಳಿಗೆ 250. ಇಂಟರ್‌ನೆಟ್ಟು, ಫೋನು 450. ದಿನಸಿ, ಮೀನು, ತರಕಾರಿ 1,500. ಕಡಿಮೆ ಫೀಸಿನ ಇಂಡಿಯನ್ ಶಾಲೆಯೇ ಆದರೂ ಬಸ್ಸು ಸೇರಿ 1,000. ನಿಮ್ಮ ಓಡಾಟ 350. ಕೂಡಿಸಿ ನೋಡಿ, 8,950 ಆಯಿತು.

ಉಳಿದದ್ದು 50 ದಿರ್ಹಮ್. ಒಂದು ದಿರ್ಹಮಿಗೆ 24 ರೂಪಾಯಿ ಹಿಡಿದರೆ 1,200 ರೂಪಾಯಿ. ಇದರಲ್ಲಿ ಬಟ್ಟೆ ಇಲ್ಲ, ಔಷಧಿ ಇಲ್ಲ, ಊರಿಗೆ ಬರುವ ಟಿಕೆಟ್ ಇಲ್ಲ.

ಅದೇ ಸಂಬಳಕ್ಕೆ ನೀವೊಬ್ಬರೇ ಹೋದರೆ? ಶೇರಿಂಗ್ ರೂಮಿನಲ್ಲಿ ಬೆಡ್ ಸ್ಪೇಸ್ 1,200, ಊಟ 900, ಓಡಾಟ 350, ಫೋನು ಮತ್ತು ಚಿಲ್ಲರೆ ಖರ್ಚು 350. ಒಟ್ಟು 2,800. ಉಳಿಯುವುದು 6,200, ಅಂದರೆ 1,48,800 ರೂಪಾಯಿ. ಊರಿನ ಮನೆಗೆ ತಿಂಗಳಿಗೆ 50,000 ಕಳಿಸಿದರೂ 98,800 ಉಳಿಯಿತು. ಈಗ ಇಲ್ಲಿ 85,000ದಲ್ಲಿ ಮನೆ ನಡೆಸಿ ನೀವು ಉಳಿಸುತ್ತಿರುವುದು ಎಷ್ಟು? ಒಂದು 25,000 ಇರಬಹುದು. ಹೋಲಿಸಬೇಕಾದದ್ದು ಈ ಎರಡನ್ನು, 85,000 ಮತ್ತು 2,16,000ವನ್ನು ಅಲ್ಲ.

ಹಾಗೆಂದು ಒಬ್ಬರೇ ಹೋಗಿ ಎಂದು ನಾನು ಹೇಳುವುದಿಲ್ಲ. ಮಗು ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿಗೆ ಬರುವುದನ್ನು ಫೋನಿನಲ್ಲಿ ನೋಡುವುದಕ್ಕೆ ಯಾವ ಬೆಲೆ ಹಾಕಬೇಕು ಎಂಬುದು ಮನೆಯವರು ಕೂತು ತೀರ್ಮಾನಿಸಬೇಕಾದ ವಿಷಯ. ಹಾಗೇ ಸಂಬಳ ಎಷ್ಟಿದ್ದರೂ ಕುಟುಂಬ ಕರೆಸಿಕೊಳ್ಳಬಹುದು ಎಂದುಕೊಳ್ಳಬೇಡಿ. ಯುಎಇಯಲ್ಲಿ ಕುಟುಂಬಕ್ಕೆ ವೀಸಾ ಸ್ಪಾನ್ಸರ್ ಮಾಡಲು ಕನಿಷ್ಠ 4,000 ದಿರ್ಹಮ್ ಸಂಬಳ ಬೇಕು, ಇಲ್ಲವೇ 3,000 ಮತ್ತು ಕಂಪೆನಿಯಿಂದ ಮನೆ. ಅದು ವೀಸಾ ಸಿಗುವ ಮಟ್ಟ ಅಷ್ಟೇ, ಸಂಸಾರ ನಡೆಯುವ ಮಟ್ಟ ಅಲ್ಲ.

ಆಫರ್ ಲೆಟರಿನಲ್ಲಿ ಬೇಸಿಕ್, ಹೌಸಿಂಗ್, ಟ್ರಾನ್ಸ್‌ಪೋರ್ಟ್ ಎಂದೆಲ್ಲ ಬೇರೆ ಬೇರೆ ಬರೆದಿದ್ದಾರೆ. ಒಟ್ಟು ಮೊತ್ತ ಸರಿ ಇದ್ದರೆ ಸಾಕಲ್ವಾ?

ಸಾಕಾಗುವುದಿಲ್ಲ. ಈ ತಪ್ಪನ್ನು ನಾನೇ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯುಎಇ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ. ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ ಸಂಬಳ. ಇಲ್ಲಿ ಸಂಬಳ ಎಂದರೆ ಬೇಸಿಕ್ ಮಾತ್ರ. ಉಳಿದ ರಜೆಯ ದುಡ್ಡು, ಓವರ್‌ಟೈಮಿನ ಲೆಕ್ಕ, ಅವೂ ಬೇಸಿಕ್ ಮೇಲೆಯೇ.

ಇಬ್ಬರಿಗೂ ಒಟ್ಟು 9,000 ಎಂದು ಇಟ್ಟುಕೊಳ್ಳಿ. ಒಬ್ಬನ ಬೇಸಿಕ್ 3,000, ಇನ್ನೊಬ್ಬನದು 5,400. ಐದು ವರ್ಷಕ್ಕೆ 105 ದಿನದ ಬೇಸಿಕ್ ಸಿಗಬೇಕು. ಮೊದಲನೆಯವನ ಕೈಗೆ 10,500 ದಿರ್ಹಮ್, ಎರಡನೆಯವನ ಕೈಗೆ 18,900. ತಿಂಗಳು ತಿಂಗಳು ಒಂದೇ ಸಂಬಳ ಪಡೆದವರು ಕೊನೆಗೆ ಎರಡು ಲಕ್ಷ ರೂಪಾಯಿಯ ವ್ಯತ್ಯಾಸದಲ್ಲಿ ಹೊರಗೆ ಬರುತ್ತಾರೆ.

ನನ್ನ ಮೊದಲ ಕಂಪೆನಿಯಲ್ಲಿ ಬೇಸಿಕ್ ಒಟ್ಟು ಸಂಬಳದ ಕಾಲು ಭಾಗವೂ ಇರಲಿಲ್ಲ. ಸಹಿ ಹಾಕುವಾಗ ನಾನು ಕೊನೆಯ ಸಾಲಿನ ಟೋಟಲ್ ಮಾತ್ರ ನೋಡಿದ್ದೆ. ಆರು ವರ್ಷ ಕಳೆದು ಫೈನಲ್ ಸೆಟ್ಲ್‌ಮೆಂಟ್ ಹಾಳೆ ಕೈಗೆ ಬಂದಾಗ ಎರಡು ಸಲ ಕೂಡಿಸಿ ನೋಡಿದೆ. ಅವರ ಲೆಕ್ಕದಲ್ಲಿ ಒಂದು ಫಿಲ್ಸ್ ತಪ್ಪಿರಲಿಲ್ಲ. ಬ್ರಹ್ಮಾವರದ ಜಾಗಕ್ಕೆ ಕಾಂಪೌಂಡು ಕಟ್ಟಿಸಲು ಆ ದುಡ್ಡನ್ನು ನಂಬಿದ್ದೆ. ಅರ್ಧಕ್ಕೇ ನಿಂತಿತು.

ಹಾಗಾಗಿ ಸಹಿ ಹಾಕುವ ಮೊದಲು ಬೇಸಿಕ್ ಜಾಸ್ತಿ ಮಾಡಿಕೊಡಿ ಎಂದು ಕೇಳಿ. ಒಟ್ಟು ಮೊತ್ತ ಏರಿಸದೆ ಒಳಗಿನ ಹಂಚಿಕೆ ಬದಲಿಸಲು ಕೆಲವು ಕಂಪೆನಿಗಳು ಒಪ್ಪುತ್ತವೆ. ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆದುಕೊಂಡವರನ್ನು ನಾನು ನೋಡಿಲ್ಲ.

ಹೋಗುವಾಗ ಕೈಯಲ್ಲಿ ಎಷ್ಟು ದುಡ್ಡು ಇರಬೇಕು?

ಒಬ್ಬರೇ ಹೋಗಿ ರೂಮಿನಲ್ಲಿ ಇರುವುದಾದರೆ ಎರಡು ತಿಂಗಳ ಖರ್ಚು ಸಾಕು. ಮೊದಲ ಸಂಬಳ ಬರಲು ಒಂದೊಂದು ಸಲ 40, 45 ದಿನ ಆಗುತ್ತದೆ.

ಮನೆ ಮಾಡುವುದಾದರೆ ವಿಷಯವೇ ಬೇರೆ. ದುಬೈಯಲ್ಲಿ ಬಾಡಿಗೆ ನಮ್ಮ ಕದ್ರಿ, ಕುಂಜಿಬೆಟ್ಟಿನ ಹಾಗೆ ತಿಂಗಳು ತಿಂಗಳು ಕೊಡುವುದಲ್ಲ. ವರ್ಷದ ಬಾಡಿಗೆಯನ್ನು ಎರಡೋ ನಾಲ್ಕೋ ಚೆಕ್ಕಿನಲ್ಲಿ ಮುಂಗಡ ತಾರೀಕು ಹಾಕಿ ಕೊಡುವುದು ರೂಢಿ. ಮೇಲಿನ 60,000ದ ಮನೆಯನ್ನೇ ತೆಗೆದುಕೊಳ್ಳಿ. ನಾಲ್ಕು ಚೆಕ್ಕಾದರೆ ಮೊದಲನೆಯದು 15,000. ಡೆಪಾಸಿಟ್ ಸಾಮಾನ್ಯವಾಗಿ ಶೇ. 5, ಅದು 3,000. ಏಜೆಂಟರ ಕಮಿಷನ್ ಶೇ. 5, ಇನ್ನೊಂದು 3,000. ಕರೆಂಟು, ನೀರಿನ ಸಂಪರ್ಕಕ್ಕೆ ಫ್ಲಾಟ್ ಆದರೆ 2,000 ಡೆಪಾಸಿಟ್. ಒಳಗೆ ಕಾಲಿಡುವ ಮೊದಲೇ 23,000 ದಿರ್ಹಮ್, ಐದೂವರೆ ಲಕ್ಷ ರೂಪಾಯಿ. ಮಂಚ, ಫ್ರಿಜ್ಜು, ಗ್ಯಾಸು ಇನ್ನೂ ಬಾಕಿ.

ಇದಕ್ಕೇ ಅಲ್ಲಿ ಹೋದ ಕೂಡಲೇ ಕೆಲವರು ಬ್ಯಾಂಕ್ ಲೋನ್ ತೆಗೆಯುತ್ತಾರೆ. ದಯವಿಟ್ಟು ಬೇಡ. ಹೌಸಿಂಗ್ ಅಲೋವೆನ್ಸನ್ನು ಆರು ತಿಂಗಳದ್ದು ಒಟ್ಟಿಗೆ ಅಡ್ವಾನ್ಸ್ ಕೊಡಬಹುದಾ ಎಂದು ಕಂಪೆನಿಗೆ ಕೇಳಿ. ಇಲ್ಲದಿದ್ದರೆ ಮೊದಲ ಏಳೆಂಟು ತಿಂಗಳು ಒಬ್ಬರೇ ಇದ್ದು, ದುಡ್ಡು ಕೂಡಿಸಿ, ಆಮೇಲೆ ಮನೆಯವರನ್ನು ಕರೆಸಿಕೊಳ್ಳಿ.

ಶಾರ್ಜಾದಲ್ಲಿ ಮನೆ ಮಾಡಿ ದುಬೈಗೆ ಹೋಗಿ ಬರಬಹುದಾ?

ತುಂಬ ಜನ ಮಾಡುತ್ತಾರೆ. ಬಾಡಿಗೆ ಕಡಿಮೆ, ಅದು ನಿಜ. ಆದರೆ ದುಬೈ ಮೆಟ್ರೋ ಶಾರ್ಜಾದ ತನಕ ಬರುವುದಿಲ್ಲ. ಬೆಳಿಗ್ಗೆ ಆ ರೋಡಿನಲ್ಲಿ ಒಂದೂವರೆ ಗಂಟೆ, ಸಂಜೆ ಇನ್ನೊಂದೂವರೆ ಗಂಟೆ ಹೋಗಬಹುದು. ಕಾರಿದ್ದರೆ ಸಾಲಿಕ್ ಟೋಲ್ ಬೇರೆ. 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಿನಲ್ಲಿ ಪ್ರತಿ ಗೇಟಿಗೆ 6 ದಿರ್ಹಮ್, ರಾತ್ರಿ 1ರಿಂದ ಬೆಳಿಗ್ಗೆ 6ರ ತನಕ ಬಿಟ್ಟು ಉಳಿದ ಹೊತ್ತು 4. ಬಾಡಿಗೆಯಲ್ಲಿ ಉಳಿಸಿದ್ದರಲ್ಲಿ ಪೆಟ್ರೋಲು, ಟೋಲು ಕಳೆದು ನೋಡಿ. ನಾನು ಎರಡು ವರ್ಷ ಹೋಗಿ ಬಂದೆ. ಮಗಳು ಎದ್ದಿರುವಾಗ ನಾನು ಮನೆಯಲ್ಲಿ ಇರುತ್ತಿದ್ದದ್ದು ಶುಕ್ರವಾರ ಮಾತ್ರ.

ಸೌದಿ, ಕತಾರ್, ಬಹ್ರೈನ್, ಎಲ್ಲ ಕಡೆ ಲೆಕ್ಕ ಒಂದೇನಾ?

ಒಂದೇ ಅಲ್ಲ. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ ಎಂಬುದು ಈ ದೇಶಗಳಲ್ಲಿ ಸಮಾನ. ಒಮಾನ್ ಮಾತ್ರ 2028ರಿಂದ ದೊಡ್ಡ ಆದಾಯದವರಿಗೆ ಶೇ. 5 ತೆರಿಗೆ ತರುತ್ತಿದೆ, ಅದು ವರ್ಷಕ್ಕೆ 42,000 ರಿಯಾಲ್ ದಾಟಿದವರಿಗೆ.

ಆದರೆ ಅಂಗಡಿಯಲ್ಲಿ ಕಟ್ಟುವ ವ್ಯಾಟ್ ಬೇರೆ ಬೇರೆ. ಯುಎಇಯಲ್ಲಿ, ಒಮಾನಿನಲ್ಲಿ ಶೇ. 5. ಬಹ್ರೈನಿನಲ್ಲಿ 2022ರಿಂದ ಶೇ. 10. ಸೌದಿಯಲ್ಲಿ 2020ರ ಜುಲೈಯಿಂದ ಶೇ. 15.

ಸೌದಿಗೆ ಕುಟುಂಬ ಕರೆದುಕೊಂಡು ಹೋಗುವವರು ಇನ್ನೊಂದನ್ನು ಕಡ್ಡಾಯವಾಗಿ ಬರೆದಿಟ್ಟುಕೊಳ್ಳಿ. ಜೊತೆಗಿರುವ ಪ್ರತಿಯೊಬ್ಬರಿಗೆ ತಿಂಗಳಿಗೆ 400 ರಿಯಾಲ್ ಲೆವಿ ಉಂಟು. 2017ರಲ್ಲಿ 100ರಿಂದ ಶುರುವಾದದ್ದು 2020ಕ್ಕೆ 400ಕ್ಕೆ ಮುಟ್ಟಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ವರ್ಷಕ್ಕೆ 14,400 ರಿಯಾಲ್. ಇದನ್ನು ಕಂಪೆನಿ ಕಟ್ಟುತ್ತದೋ ನೀವು ಕಟ್ಟಬೇಕೋ, ಲೆಟರಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಜರ್ಮನಿಯಲ್ಲಿ ವರ್ಷಕ್ಕೆ 50,000 ಯೂರೋ ಎನ್ನುತ್ತಾರೆ. ಅದು ದುಬೈಗಿಂತ ಎಷ್ಟೋ ಒಳ್ಳೆಯದಲ್ವಾ?

ಅದು ಕಡಿತಕ್ಕೆ ಮೊದಲಿನ ಮೊತ್ತ. ಮದುವೆಯಾಗದ ಒಬ್ಬರಿಗೆ ತೆರಿಗೆ, ಪೆನ್ಶನ್, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು 2,600ರಿಂದ 2,700 ಯೂರೋ. ಮನೆ ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್‌ಮೀಟೆ ಎಂದರೆ ಬರೀ ಗೋಡೆಯ ಬಾಡಿಗೆ, ವಾರ್ಮ್‌ಮೀಟೆ ಎಂದರೆ ಹೀಟಿಂಗ್, ನೀರು ಸೇರಿದ್ದು. ಲೆಕ್ಕಕ್ಕೆ ಎರಡನೆಯದನ್ನೇ ಹಿಡಿಯಿರಿ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆಯವರೆಗೆ ಕೇಳಬಹುದು. ಅಡುಗೆಮನೆಯಲ್ಲಿ ಸ್ಟವ್ವು, ಸಿಂಕು ಕೂಡ ಇಲ್ಲದ ಮನೆಗಳು ಅಲ್ಲಿ ಸಾಮಾನ್ಯ. ಟಿವಿ ಇಲ್ಲದಿದ್ದರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಉಂಟು.

ಆದರೆ ಕಡಿತವನ್ನು ಮಾತ್ರ ನೋಡಿ ಬೇಡ ಎನ್ನಬೇಡಿ. ಅಲ್ಲಿ ಸರಕಾರಿ ಶಾಲೆಗೆ ಫೀಸಿಲ್ಲ. ಪ್ರತಿ ಮಗುವಿಗೆ ಸರಕಾರವೇ ತಿಂಗಳಿಗೆ 250 ಯೂರೋಗಿಂತ ಜಾಸ್ತಿ ಕೊಡುತ್ತದೆ. ಇಬ್ಬರು ಮಕ್ಕಳಿರುವವರಿಗೆ ದುಬೈ ಶಾಲೆಯ ಫೀಸು ಒಂದು ಕಡೆ, ಇದು ಇನ್ನೊಂದು ಕಡೆ ಇಟ್ಟರೆ ತಕ್ಕಡಿ ಬೇರೆಯೇ ಕಡೆ ತೂಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಮೂರ್ನಾಲ್ಕು ವರ್ಷ ದುಡಿದು ಬರುವವರಿಗೆ ಗಲ್ಫ್, ಮಕ್ಕಳನ್ನು ಅಲ್ಲೇ ಓದಿಸಿ ನೆಲೆ ನಿಲ್ಲುವವರಿಗೆ ಜರ್ಮನಿ.

ಇಂಗ್ಲೆಂಡಿಗೆ?

ವೀಸಾ ಅರ್ಜಿ ಹಾಕುವಾಗಲೇ ಕಟ್ಟುವ ಆರೋಗ್ಯ ಸರ್‌ಚಾರ್ಜ್ ನೋಡಿ. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ವೀಸಾ ಎಷ್ಟು ವರ್ಷವೋ ಅಷ್ಟನ್ನೂ ಒಟ್ಟಿಗೆ ಕಟ್ಟಬೇಕು. ಇಬ್ಬರು, ಒಂದು ಮಗು, ಮೂರು ವರ್ಷ ಎಂದರೆ 8,538 ಪೌಂಡ್. ಹೆಲ್ತ್ ಆಂಡ್ ಕೇರ್ ವೀಸಾದಲ್ಲಿ ಹೋಗುವ ನರ್ಸ್‌ಗಳಿಗೆ ಇದು ಇಲ್ಲ. ಉಳಿದವರು ಕಂಪೆನಿ ಕೊಡುತ್ತದಾ ಎಂದು ಮೊದಲೇ ಕೇಳಿ.

ದಸರಾ ಮುಗಿಸಿ ಹೋಗೋಣ ಎಂದಿದ್ದೇನೆ. ತೊಂದರೆ ಇಲ್ಲ ಅಲ್ವಾ?

ಇದು ಸಣ್ಣ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಲಕ್ಷಗಟ್ಟಲೆ ರೂಪಾಯಿ ಇದರಲ್ಲಿ ಉಂಟು.

ಕೆಲಸಕ್ಕಾಗಿ ಹೊರದೇಶಕ್ಕೆ ಹೋದವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 182 ದಿನಕ್ಕಿಂತ ಕಡಿಮೆಯಾದರೆ ಅನಿವಾಸಿ ಎನಿಸುತ್ತಾರೆ. ಆಗ ಅಲ್ಲಿಯ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಅಲ್ಲಿಂದ ಎಣಿಸಿದರೆ 182ನೇ ದಿನ ಸೆಪ್ಟೆಂಬರ್ 29. ಆ ದಿನವೂ ಇಲ್ಲೇ ಇದ್ದರೆ ಆ ವರ್ಷಕ್ಕೆ ನೀವು ನಿವಾಸಿ. ಆಗ ಮಾರ್ಚ್ ಕೊನೆಯವರೆಗಿನ ನಿಮ್ಮ ದಿರ್ಹಮ್ ಸಂಬಳವೂ ಇಲ್ಲಿಯ ಲೆಕ್ಕಕ್ಕೆ ಸೇರುತ್ತದೆ.

ನಮ್ಮಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಚೌತಿ ಆಗಲಿ, ಕುದ್ರೋಳಿ ದಸರಾ ನೋಡಿ ಹೋಗುತ್ತೇನೆ, ದೀಪಾವಳಿಗೆ ಅಮ್ಮ ಇರು ಎಂದಿದ್ದಾಳೆ. ಚೌತಿ ಸರಿ. ದಸರಾ ಸಾಮಾನ್ಯವಾಗಿ ಅಕ್ಟೋಬರಿಗೆ ಜಾರುತ್ತದೆ. ಜಾಯ್ನಿಂಗ್ ಡೇಟ್ ನಿಮ್ಮ ಕೈಯಲ್ಲಿದ್ದರೆ ಸೆಪ್ಟೆಂಬರ್ ಮೂರನೇ ವಾರದೊಳಗೆ ಬಜ್ಪೆಯಲ್ಲಿ ವಿಮಾನ ಹತ್ತಿ. ಪಾಸ್‌ಪೋರ್ಟಿನ ಸೀಲಿನ ಪುಟವನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಮೊದಲ ವರ್ಷದ ರಿಟರ್ನನ್ನು ಸಿಎ ಹತ್ತಿರವೇ ಮಾಡಿಸಿ.

ಊರಿನ ಬ್ಯಾಂಕ್ ಅಕೌಂಟ್ ಏನು ಮಾಡಬೇಕು?

ಅನಿವಾಸಿ ಆದ ಮೇಲೆ ಮಾಮೂಲಿ ಸೇವಿಂಗ್ಸ್ ಅಕೌಂಟ್ ಇಟ್ಟುಕೊಳ್ಳುವ ಹಾಗಿಲ್ಲ. ಅದನ್ನು ಎನ್‌ಆರ್‌ಒ ಮಾಡಿಸಬೇಕು. ಬಾಡಿಗೆ, ತೋಟದ ದುಡ್ಡು ಅದಕ್ಕೆ ಬರಲಿ. ಅಲ್ಲಿಂದ ಕಳಿಸುವ ಸಂಬಳ ಎನ್‌ಆರ್‌ಇ ಅಕೌಂಟಿಗೆ ಬರಲಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಶೇ. 30 ಟಿಡಿಎಸ್ ಹಿಡಿಯುತ್ತಾರೆ. ಪಿಪಿಎಫ್ ಮೊದಲೇ ಇದ್ದರೆ ಅವಧಿ ಮುಗಿಯುವ ತನಕ ಮುಂದುವರಿಸಬಹುದು, ಹೊಸದು ತೆರೆಯಲಾಗುವುದಿಲ್ಲ.

ರೂಪಾಯಿ ಬೀಳುತ್ತಾ ಉಂಟು. ಹಾಗಾದರೆ ನಮಗೆ ಲಾಭವೇ ಅಲ್ವಾ?

ಕಳಿಸುವ ದುಡ್ಡಿಗೆ ಲಾಭ. ದಿರ್ಹಮನ್ನು 1997ರಿಂದ ಒಂದು ಡಾಲರಿಗೆ 3.6725 ಎಂದು ಕಟ್ಟಿ ಹಾಕಿದ್ದಾರೆ. ಹಾಗಾಗಿ ಡಾಲರ್ ಏರಿದರೆ ದಿರ್ಹಮ್ ಏರುತ್ತದೆ. 2014ರ ಹೊತ್ತಿಗೆ ಒಂದು ದಿರ್ಹಮಿಗೆ 17 ರೂಪಾಯಿಯ ಆಸುಪಾಸು ಸಿಗುತ್ತಿತ್ತು. ಮಂಗಳೂರಿನ ಫ್ಲಾಟಿನ ಹೋಮ್ ಲೋನ್ ಕಟ್ಟುವವರಿಗೆ ಇದು ನಿಜಕ್ಕೂ ಸಹಾಯ ಮಾಡಿದೆ.

ಆದರೆ ಇದನ್ನು ಸಂಬಳ ಏರಿಕೆ ಎಂದುಕೊಳ್ಳಬೇಡಿ. ಅಲ್ಲಿಯ ಬಾಡಿಗೆ, ಶಾಲೆ ಫೀಸು ದಿರ್ಹಮಿನಲ್ಲೇ ಏರುತ್ತದೆ. ಇಂಕ್ರಿಮೆಂಟ್ ಯಾವಾಗ, ಎಷ್ಟು ಎಂದು ಆಫರಿನ ಹೊತ್ತಿಗೇ ಕೇಳಿ. ನಾಲ್ಕು ವರ್ಷ ಒಂದೇ ಸಂಬಳದಲ್ಲಿ ಇದ್ದು, ಊರಿಗೆ ಹೋಗುವ ಮೊತ್ತ ಏರುತ್ತಿದೆ ಎಂದು ಸುಮ್ನೆ ಕೂತವರನ್ನು ತುಂಬ ನೋಡಿದ್ದೇನೆ.

ಏಜೆಂಟರು ಎರಡು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದಾ?

ಬೇಡ. ಭಾರತದ ನಿಯಮದ ಪ್ರಕಾರ ಲೈಸೆನ್ಸ್ ಇರುವ ಏಜೆಂಟರು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದೂ ರಸೀದಿ ಕೊಟ್ಟು. ಯುಎಇ ಕಾನೂನಿನಲ್ಲಿ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವ ಹಾಗೇ ಇಲ್ಲ. ಏಜೆಂಟರ ಲೈಸೆನ್ಸನ್ನು ಭಾರತ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಿ. 10ನೇ ತರಗತಿ ಪಾಸಾದವರಿಗೆ ಸಾಮಾನ್ಯವಾಗಿ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ನಮ್ಮ ಸರಕಾರದ ಅನುಮತಿ, ಬೇಡ. ಆದರೆ ಗಲ್ಫಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ಅದು ಬೇಕೇ ಬೇಕು.

ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬಂದ ಮೇಲೆ ಬದಲಿಸಿ ಕೊಡುತ್ತೇವೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರು ಕೊಡಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ನನ್ನ ಹೆಂಡತಿ ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಸಂಬಳವನ್ನು ಈ ಲೆಕ್ಕದಲ್ಲಿ ಎಲ್ಲಿ ಹಾಕಬೇಕು?

ಖರ್ಚಿನ ಕಡೆ ಹಾಕಿ. ಅವರು ಕೆಲಸ ಬಿಟ್ಟು ಬಂದರೆ ಮನೆಗೆ ಬರುತ್ತಿದ್ದ ಅವರ ಸಂಬಳ ನಿಲ್ಲುತ್ತದೆ. ಪಿಎಫ್ ನಿಲ್ಲುತ್ತದೆ, ಸರ್ವಿಸ್ ತುಂಡಾಗುತ್ತದೆ. ಅಲ್ಲಿ ಅವರಿಗೂ ಕೆಲಸ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಬಜೆಟ್ ಮಾಡಬೇಡಿ. ಸಿಕ್ಕಿದರೆ ಸಂತೋಷ, ಆದರೆ ಮೊದಲ ವರ್ಷವನ್ನು ಒಂದೇ ಸಂಬಳದಲ್ಲಿ ದಾಟಲು ಆಗಬೇಕು. ಈ ವಿಷಯ ಅವರ ಹತ್ತಿರ ಮಾತಾಡಿ, ಅವರಿಗಾಗಿ ನೀವೇ ತೀರ್ಮಾನಿಸಬೇಡಿ.

ಜೀವನವೆಚ್ಚ ಹೋಲಿಸುವ ವೆಬ್‌ಸೈಟುಗಳನ್ನು ನಂಬಬಹುದಾ?

ಅಂದಾಜಿಗೆ ಸರಿ. ಅವು ಕೊಡುವುದು ಸರಾಸರಿ. ಕುಚ್ಚಲಕ್ಕಿ, ತೆಂಗಿನೆಣ್ಣೆ, ವಾರಕ್ಕೆ ಮೂರು ದಿನ ಬಂಗುಡೆ ಬೇಕಾದ ಮನೆಯ ಖರ್ಚು ಅದರಲ್ಲಿ ಇರುವುದಿಲ್ಲ. ನಿಮ್ಮ ಸಂಬಳದ ಮಟ್ಟದಲ್ಲೇ ಅಲ್ಲಿರುವ ಊರಿನವರೊಬ್ಬರಿಗೆ ಫೋನ್ ಮಾಡಿ, ಕಳೆದ ತಿಂಗಳ ಖರ್ಚು ಒಂದೊಂದಾಗಿ ಕೇಳಿ. ಶಾಲೆಯ ಫೀಸು ಮಾತ್ರ ದುಬೈಯ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೆಎಚ್‌ಡಿಎ ವೆಬ್‌ಸೈಟಿನಲ್ಲೇ ನೋಡಿ, ಪ್ರತಿ ಖಾಸಗಿ ಶಾಲೆಯದ್ದೂ ಕ್ಲಾಸಿನ ಪ್ರಕಾರ ಸಿಗುತ್ತದೆ.

ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ. ಅವರ ಖರ್ಚಿಗೆ ತಿಂಗಳಿಗೆ ಎಷ್ಟು ಇಡಬೇಕು?

ಮನೆಖರ್ಚು ನಿಮಗೇ ಗೊತ್ತು. ಜನ ಬರೆಯಲು ಮರೆಯುವುದು ಬೇರೆಯವನ್ನು. ನಿಮ್ಮ ಕಂಪೆನಿಯ ಇನ್ಶೂರೆನ್ಸಿನಲ್ಲಿ ಅಪ್ಪ ಅಮ್ಮ ಇದ್ದರೆ, ಕೆಲಸ ಬಿಟ್ಟ ದಿನ ಅದು ನಿಲ್ಲುತ್ತದೆ. ಅವರಿಗೆ ಬೇರೆ ಪಾಲಿಸಿ ಹೋಗುವ ಮೊದಲೇ ಮಾಡಿಸಿ. ಮೊದಲಿಂದ ಇರುವ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. ನೀವು ಸ್ಕೂಟರಿನಲ್ಲಿ ಹೋಗಿ ಮಾಡುತ್ತಿದ್ದ ಕೆಲಸಗಳಿಗೆಲ್ಲ ಇನ್ನು ರಿಕ್ಷಾ ಬೇಕು, ಜನ ಬೇಕು. ಊರಿನ ಬ್ರಹ್ಮಕಲಶಕ್ಕೋ ಚರ್ಚಿನ ಹಬ್ಬಕ್ಕೋ ಗಲ್ಫಿನಲ್ಲಿರುವವರಿಂದ ನಿರೀಕ್ಷೆ ಜಾಸ್ತಿ ಇರುತ್ತದೆ. ಕೊಡಲು ಮನಸ್ಸಿದ್ದರೆ ಅದಕ್ಕೂ ಒಂದು ಸಾಲು ಬರೆಯಿರಿ.

ಮತ್ತೆ ಒಂದು ತುರ್ತು ಟಿಕೆಟಿನ ದುಡ್ಡು. ಅದನ್ನು ಬೇರೆಯೇ ಇಡಿ, ಮುಟ್ಟಬೇಡಿ. ವರ್ಷಕ್ಕೊಂದು ಟಿಕೆಟ್ ಕೊಡಲೇಬೇಕು ಎಂದು ಯುಎಇ ಕಾನೂನು ಹೇಳುವುದಿಲ್ಲ. ಕಂಪೆನಿ ಕೊಡುವುದಿದ್ದರೂ ಅದು ರಜೆಯ ಟಿಕೆಟ್. ನನ್ನ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದದ್ದು ಜುಲೈ ತಿಂಗಳಲ್ಲಿ. ಅಲ್ಲಿಯ ಶಾಲೆಗಳಿಗೆ ರಜೆ, ಎಲ್ಲರೂ ಊರಿಗೆ ಹೊರಟಿದ್ದರು. ಮಂಗಳೂರಿಗೆ ಸೀಟೇ ಇರಲಿಲ್ಲ. ಕಣ್ಣೂರಿಗೆ ಒಂದು ಸೀಟು ಸಿಕ್ಕಿತು, ಮಾಮೂಲಿಗಿಂತ ಮೂರು ಪಟ್ಟು ಬೆಲೆಗೆ. ಅಲ್ಲಿಂದ ಟ್ಯಾಕ್ಸಿ ಮಾಡಿ ಮಳೆಯಲ್ಲಿ ಉಡುಪಿ ಮುಟ್ಟುವಾಗ ರಾತ್ರಿ ಎರಡು ಗಂಟೆ. ಆ ತಿಂಗಳು ಮೇಜಿನ ಡ್ರಾಯರಿನ ಕವರಿನಲ್ಲಿ 2,000 ದಿರ್ಹಮ್ ತೆಗೆದಿಟ್ಟಿದ್ದೆ. ಅದಿಲ್ಲದಿದ್ದರೆ ಸಂಬಳದ ದಿನದ ತನಕ ಅಲ್ಲೇ ಕಾಯಬೇಕಿತ್ತು.